ಕರಡು ನಕ್ಷೆ

ಬೀರೂರು ದಾಟಿ, ರೈಲ್ವೆ ಗೇಟಿನಿಂದ ಬಲಕ್ಕೆ,
ಜೀಪು ನಿಂತಲ್ಲಿಂದ ನಡಿಗೆ.
ಕಾವಲಿನ ಗಡಿಕಲ್ಲು ಹುಡುಕಬೇಕಿತ್ತು ನಾವು.
ಹನ್ನೊಂದರಲ್ಲಿ ನಾಲ್ಕು ಸಿಕ್ಕವು,
ಉಳಿದವನ್ನು ಹುಲ್ಲು ಇಟ್ಟುಕೊಂಡಿತ್ತು.

ನಾನು ಸರಪಳಿ ಎಳೆಯುವವನು.
ಸರಪಳಿ ಹೋಗಿ ಮೂರು ಕಾಲಿನ ಯಂತ್ರ ಬಂದಿದೆ,
ಹೆಸರು ಮಾತ್ರ ಹಳೆಯದೇ.
ಸಾಹೇಬರು ಒಂದು ಕಣ್ಣು ಮುಚ್ಚಿ ಕೂಗುತ್ತಾರೆ,
ನಾನು ಕೋಲು ಹಿಡಿದು ನಿಲ್ಲುತ್ತೇನೆ,
ಸೊಂಟದ ಮಟ್ಟ ಕರಡದಲ್ಲಿ.

ಕಾರ್ತಿಕ ಕಳೆದಿತ್ತು. ಕಡ್ಡಿ ಕೆಂಪಗೆ ಮಾಗಿ
ಊಬುಗಳು ಒಂದಕ್ಕೊಂದು ಹೊಸೆದು ಜಡೆಗಟ್ಟಿದ್ದವು,
ಎಣ್ಣೆ ಕಾಣದ ಮಕ್ಕಳ ತಲೆಯ ಹಾಗೆ.

ಸಣ್ಣೀರಮ್ಮ ಕುರಿಗಳನ್ನು ಅತ್ತ ತಿರುಗಿಸುತ್ತಿದ್ದಳು,
ಹುಲ್ಲಿಗೆ ಬೈಯುತ್ತ:
"ಎಳೇದಿದ್ದಾಗ ಮಗಳು,
ಊಬು ಬಿಟ್ಟ ಮ್ಯಾಲೆ ನಾದಿನಿ.
ತುಪ್ಪಟದಾಗೆ ಹೊಕ್ಕು ಚರ್ಮಕ್ಕೇ ಇಳೀತೈತೆ ಸ್ವಾಮಿ,
ರಾತ್ರಿಯೆಲ್ಲ ಕೂತು ಕೀಳ್ತೀನಿ."
ಹಾಗಾದರೆ ಬೇಸಿಗೆಗೆ ಏನು ಮೇಯಿಸುತ್ತೀ, ಅಂದೆ.
"ಇದನ್ನೇ."
ನನ್ನನ್ನು ನೋಡಿದ್ದು ಮಾತ್ರ
ಶಾಲೆ ಬಿಟ್ಟ ಹುಡುಗನನ್ನು ನೋಡಿದ ಹಾಗೆ.

ಏಳನೆಯ ಕಲ್ಲಿನ ಅಂದಾಜಿನಲ್ಲಿ ಕೋಲು ನೆಡಲು ಬಗ್ಗಿದೆ,
ಬುಡದಿಂದ ನೆಲಗುಬ್ಬಿಯೊಂದು ಸಿಡಿದು ಹೋಯಿತು.
ಗೊರಸು ಬಿದ್ದ ತಗ್ಗು, ಅದರೊಳಗೆ ಎರಡು ಮೊಟ್ಟೆ,
ಮಣ್ಣಿನ ಮೇಲೆ ಮಣ್ಣಿನ ಬಣ್ಣ.
ಕೋಲನ್ನು ಎರಡು ಗೇಣು ಆಚೆ ಇಟ್ಟೆ.
ನಕ್ಷೆಯಲ್ಲಿ ಅಲ್ಲೊಂದು ಡೊಂಕಿದೆ,
ಈವರೆಗೆ ಯಾರೂ ಕೇಳಿಲ್ಲ.

ಗಡಿಯ ಆಚೆ ಹುಲ್ಲು ಬುಡಸಮೇತ ಕಿತ್ತು
ನೀಲಗಿರಿ ನೆಟ್ಟಿದ್ದರು ಯಾವುದೋ ಕಾಲದಲ್ಲಿ.
ಅಲ್ಲಿ ನೆಲ ಹರಿದಿತ್ತು. ಆಳೆತ್ತರದ ಕೊರಕಲು,
ಒಂದೊಂದು ಮಳೆಗೂ ಒಂದೊಂದು ಬಂಡಿ ಕೆಮ್ಮಣ್ಣು ಕೆರೆಗೆ.
ಈಚೆ, ನಾನು ನಿಂತ ಕಡೆ,
ಹೊರಗೆ ಕಾಣುವುದು ಮೊಳ, ಒಳಗೆ ಎಷ್ಟೋ,
ಬೇರು ಬೇರಿನ ಕೈ ಹಿಡಿದುಕೊಂಡು
ನೀರನ್ನು ನಿಧಾನಕ್ಕೆ ಕರೆದುಕೊಂಡು ಹೋಗುತ್ತದೆ,
ಅವಸರದ ನೆಂಟನನ್ನು ಕೂರಿಸಿ ಊಟಕ್ಕಿಟ್ಟಂತೆ.

ಸಾಹೇಬರು ಬರೆಸಿದರು:
ಮರ ಇಲ್ಲ. ಬಾವಿ ಇಲ್ಲ. ಕಟ್ಟಡ ಇಲ್ಲ.
ಷರಾ: ಖರಾಬು.

ರಾತ್ರಿ ಪ್ರವಾಸಿ ಮಂದಿರದ ಜಗಲಿಯಲ್ಲಿ
ಪ್ಯಾಂಟು ಬಿಚ್ಚಿ ಮಡಿಲಲ್ಲಿಟ್ಟು ಊಬು ಕೀಳುತ್ತ ಕೂತೆ.
ಅರವತ್ತಕ್ಕೆ ಎಣಿಸುವುದು ಬಿಟ್ಟೆ.
ಚಹದ ಲೋಟ ತೊಳೆದ ನೀರು ಒಂದರ ಮೇಲೆ ಬಿತ್ತು.
ಸತ್ತದ್ದು ಎಂದುಕೊಂಡಿದ್ದೆ.
ಹುರಿ ಬಿಚ್ಚಿತು, ಮೆಲ್ಲಗೆ,
ಗಡಿಯಾರದ ದೊಡ್ಡ ಮುಳ್ಳಿನ ಹಾಗೆ ಸುತ್ತು ಬಂತು,
ಚೂಪು ತುದಿ ಹಲಗೆಯ ಬಿರುಕು ಹುಡುಕಿತು.
ಒಣಗಿತು, ಮತ್ತೆ ಹುರಿಗೊಂಡಿತು.
ಇನ್ನೊಂದು ಹನಿ ಹಾಕಿದೆ. ಮತ್ತೆ.
ಹನ್ನೆರಡರವರೆಗೆ ಇದೇ ಕೆಲಸ.

ಮಾಘದಲ್ಲಿ ಬೆಂಕಿ ಬರುತ್ತದಂತೆ ಕಾವಲಿಗೆ.
ಮೇಲಿನದೆಲ್ಲ ಒಂದೇ ಮಧ್ಯಾಹ್ನದಲ್ಲಿ ಬೂದಿ.
ಅಷ್ಟರೊಳಗೆ ಬೀಜ ತಿರುಪಿನ ಮೊಳೆಯಂತೆ
ನೆಲದೊಳಗೆ ಇಳಿದುಕೊಂಡಿರುತ್ತದೆ.
ಸುಟ್ಟ ಬುಡ ಮೊದಲ ಮಳೆಗೆ
ಏನೂ ಆಗದವರ ಹಾಗೆ ಹಸಿರು ಚಾಚುತ್ತದೆ.
ಜಿಂಕೆಗಳು ಆ ಚಿಗುರಿಗೇ ಬರುವುದು,
ಜಿಂಕೆಯ ಹಿಂದೆ ತೋಳ.

ಬೆಳಿಗ್ಗೆ ಶುದ್ಧಪ್ರತಿ ಬರೆಯುವವನು ನಾನೇ.
ಷರಾದ ಕಾಲಂನಲ್ಲಿ ಖರಾಬು ಬಿಟ್ಟು
ಕರಡ, ಎಂದು ಬರೆದೆ. ಸಾಹೇಬರು ನೋಡದೆ ಸಹಿ ಹಾಕಿದರು.

ಚಿಕ್ಕಮಗಳೂರಿನಲ್ಲಿ ಟೈಪಿಸ್ಟ್ ವನಜಾಕ್ಷಮ್ಮ
ಕಾಗುಣಿತದಲ್ಲಿ ಬಲು ಕಟ್ಟುನಿಟ್ಟು.
ತಪ್ಪೆಂದು ತಿಳಿದು ಡಕಾರಕ್ಕೆ ಕೊಂಬು ಕೊಟ್ಟರು.
ಕಾವಲಿನ ದನಕ್ಕೆ ಕೊಂಬಿತ್ತು, ಗಂಡು ಜಿಂಕೆಗಿತ್ತು,
ಈಗ ಹುಲ್ಲಿಗೂ ಬಂತು.
ಇನ್ನೂರಚಿಲ್ಲರೆ ಎಕರೆಯ ಎದುರಿಗೆ ಈಗ
ಕರಡು, ಅಂತಿದೆ.
ತಿದ್ದಿಸಲು ನಾನು ಹೋಗಲಿಲ್ಲ.

ಕಾಲುಚೀಲದಲ್ಲಿ ಉಳಿದಿದ್ದೊಂದು
ಕಚೇರಿಯ ಮೆಟ್ಟಿಲು ಹತ್ತುವಾಗ ಹಿಮ್ಮಡಿಗೆ ಚುಚ್ಚಿತು.
ಕಿತ್ತು ಕ್ರೋಟನ್ ಕುಂಡಕ್ಕೆ ಹಾಕಿದೆ.
ಜವಾನ ಪುಟ್ಟಲಿಂಗ ಅದೇ ಹೊತ್ತಿಗೆ
ಚೊಂಬು ಹಿಡಿದು ಬಂದ.
ನಿಂತು ನೋಡಿದೆ,
ಕಡತ ಕಂಕುಳಲ್ಲಿ.